ಬಯಸದ ಗರ್ಭ: ನಿರ್ಧಾರಕ್ಕೆ ಮುನ್ನ ತಿಳಿದಿರಬೇಕಾದದ್ದು

ಮೊದಲು ವಾರಗಳ ಲೆಕ್ಕ ಹಾಕಿಕೊಳ್ಳಿ. ವೈದ್ಯರು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುವುದರಿಂದ, ಕ್ರಮವಾಗಿ ಮುಟ್ಟಾಗುವವರಿಗೆ ಒಂದು ವಾರ ತಡವಾಗುವಷ್ಟರಲ್ಲೇ ಸುಮಾರು 5 ವಾರ ತುಂಬಿರುತ್ತದೆ. ಈ ಲೆಕ್ಕ ಅನೇಕರನ್ನು ಗಾಬರಿಗೊಳಿಸುತ್ತದೆ. ಆದರೆ ಯಾವ ವಿಧಾನ ಸೂಕ್ತ, ಕಾನೂನು ಎಲ್ಲಿಯವರೆಗೆ ಒಪ್ಪುತ್ತದೆ ಎಂಬುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ಗರ್ಭವನ್ನು ಮುಂದುವರಿಸಬಹುದು, ಹೆತ್ತ ಮಗುವನ್ನು ದತ್ತು ಕೊಡಬಹುದು, ಇಲ್ಲವೇ ಗರ್ಭಪಾತ ಮಾಡಿಸಿಕೊಳ್ಳಬಹುದು. ಆರಂಭದ ವಾರಗಳಲ್ಲಿ ಮಿಫೆಪ್ರಿಸ್ಟೋನ್ ಮಾತ್ರೆ ನುಂಗಿ, ಸಾಮಾನ್ಯವಾಗಿ 24ರಿಂದ 48 ಗಂಟೆಗಳ ನಂತರ ಮಿಸೊಪ್ರೊಸ್ಟಾಲ್ ತೆಗೆದುಕೊಂಡಾಗ ಗರ್ಭಕೋಶ ಸಂಕುಚಿಸಿ, ಹೊಟ್ಟೆನೋವು ಹಾಗೂ ಮುಟ್ಟಿಗಿಂತ ಹೆಚ್ಚಿನ ರಕ್ತಸ್ರಾವದೊಂದಿಗೆ ಗರ್ಭ ಹೊರಬೀಳುತ್ತದೆ. ಇನ್ನೊಂದು ವಿಧಾನದಲ್ಲಿ ವೈದ್ಯರು ತೆಳುವಾದ ಕೊಳವೆಯಿಂದ ಅದನ್ನು ಹೀರಿ ತೆಗೆಯುತ್ತಾರೆ. ಅದು ಕೆಲವೇ ನಿಮಿಷಗಳ ಕೆಲಸ.

ಗರ್ಭಕೋಶದ ಬದಲು ಗರ್ಭನಾಳದಲ್ಲಿ (ಅಂಡಾಣುವನ್ನು ಗರ್ಭಕೋಶಕ್ಕೆ ತಲುಪಿಸುವ ಕೊಳವೆಯಲ್ಲಿ) ಬೆಳೆಯುವ ಗರ್ಭಕ್ಕೆ ಈ ಮಾತ್ರೆಗಳು ನಾಟುವುದಿಲ್ಲ. ಹೊಟ್ಟೆಯ ಒಂದೇ ಪಕ್ಕದಲ್ಲಿ ತೀವ್ರ ನೋವು ಕಾಣಿಸಿದರೆ, ತಲೆಸುತ್ತಿ ಬಂದರೆ, ಅಥವಾ ಸತತ ಎರಡು ಗಂಟೆ ಗಂಟೆಗೆರಡರಂತೆ ದೊಡ್ಡ ಪ್ಯಾಡ್‌ಗಳು ನೆನೆದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನಂಬಿಕೆಯ ಒಬ್ಬರಿಗಾದರೂ ವಿಷಯ ತಿಳಿಸಿ. ಮಾತ್ರೆ ತೆಗೆದುಕೊಳ್ಳುವ ದಿನ ಅವರು ಜೊತೆಗಿದ್ದರೆ ಒಳ್ಳೆಯದು. ಆಪ್ತಸಮಾಲೋಚಕರು ನಿಮ್ಮ ಮಾತು ಕೇಳುವ ಬದಲು ಯಾವುದೋ ಒಂದು ನಿರ್ಧಾರದತ್ತ ದೂಡುತ್ತಿದ್ದರೆ, ಎದ್ದು ಬಂದು ಬೇರೆಯವರನ್ನು ಕಾಣಿ.