ಒಂದು ಸಂತೆಗೆ ಎರಡು ಸೋಮವಾರ

ಕೊಡಗಿನ ಶನಿವಾರಸಂತೆಯ ಹತ್ತಿರದಲ್ಲಿ ಹುಟ್ಟಿ ಬೆಳೆದ ನನಗೆ ಸಂತೆಯ ದಿನವನ್ನು ಕೇಳಿ ತಿಳಿದುಕೊಳ್ಳುವ ಅಭ್ಯಾಸವೇ ಇರಲಿಲ್ಲ. ನಮ್ಮಲ್ಲಿ ಊರಿನ ಹೆಸರಿನಲ್ಲೇ ವಾರವಿದೆ, ಆ ವಾರ ಬಂದರೆ ಸಂತೆಯೂ ಬರುತ್ತದೆ. ಕಳೆದ ವರ್ಷ ಮಗಳ ಮನೆಗೆಂದು ಪೋರ್ಚುಗಲ್ಲಿನ ಬ್ರಾಗಾ ನಗರಕ್ಕೆ ಹೋಗಿದ್ದಾಗ, ಅಲ್ಲಿಂದ 30 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿರುವ ಪೊಂತೆ ದೆ ಲಿಮಾ ಎಂಬ ಹೊಳೆದಂಡೆಯ ಊರಿನಲ್ಲಿ ಸೋಮವಾರ ಸಂತೆ ಸೇರುತ್ತದೆ ಎಂದು ಯಾರೋ ಹೇಳಿದರು. ಅಷ್ಟು ಮಾತನ್ನು ನಂಬಿಕೊಂಡು, ಮಗಳನ್ನೂ ಕೇಳದೆ, ನಾನು ಮತ್ತು ನನ್ನ ಹೆಂಡತಿ ಮುಂದಿನ ಸೋಮವಾರವೇ ಬಸ್ಸು ಹತ್ತಿದೆವು. ಆ ಊರಿಗೆ ರೈಲು ಇಲ್ಲ. ಬ್ರಾಗಾದಿಂದಲೋ ಪೋರ್ತೊ ನಗರದಿಂದಲೋ ಬಸ್ಸಿನಲ್ಲಿ ಅಥವಾ ಕಾರಿನಲ್ಲಿ ಹೋಗಬೇಕು.

ಇಳಿದು ಹೊಳೆಯ ಬದಿಗೆ ಬಂದಾಗ ಕಂಡದ್ದು ಉದ್ದನೆಯ ಮರಳದಂಡೆ, ಅದರ ಮೇಲೆ ಸಾಲಾಗಿ ನಿಲ್ಲಿಸಿದ ಕಾರುಗಳು. ಸಂತೆ ಇರಲಿಲ್ಲ. ಹೊಳೆಯಂಚಿನ ಹಳೆಯ ಸೆರೆಮನೆಯ ಗೋಪುರದಲ್ಲಿ ಈಗ ಪ್ರವಾಸಿಗರಿಗೆ ಮಾಹಿತಿ ಕೊಡುವ ಕಚೇರಿ ಇದೆ. ಅಲ್ಲಿ ವಿಚಾರಿಸಿದಾಗ ಸಂತೆ ಸೋಮವಾರವೇ ನಡೆಯುವುದು ಹೌದೆಂದೂ, ಆದರೆ ಒಂದು ಸೋಮವಾರ ಬಿಟ್ಟು ಇನ್ನೊಂದು ಸೋಮವಾರಕ್ಕೆಂದೂ ತಿಳಿಯಿತು. ಹೋಗಲಿ, ವಸ್ತುಸಂಗ್ರಹಾಲಯವನ್ನಾದರೂ ನೋಡೋಣವೆಂದರೆ ಪೋರ್ಚುಗಲ್ಲಿನಲ್ಲಿ ಅವುಗಳಲ್ಲಿ ಹೆಚ್ಚಿನವಕ್ಕೆ ಸೋಮವಾರವೇ ರಜೆ. ಹೀಗೆ ಎರಡೂ ತಪ್ಪಿದ ದಿನವನ್ನೇ ನಾವು ಆರಿಸಿಕೊಂಡಿದ್ದೆವು. ಸೇತುವೆಯ ಮೇಲೆ ಒಂದು ಸುತ್ತು ನಡೆದು, ಕಾಫಿ ಕುಡಿದು, ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದೆವು. "ಅಪ್ಪ, ಒಂದು ಮಾತು ನನ್ನನ್ನು ಕೇಳಬಹುದಿತ್ತಲ್ಲ" ಎಂದು ಮಗಳು ಅಂದಳು. ಮುಂದಿನ ವಾರ ರಜೆ ಹಾಕಿ ತಾನೇ ಜೊತೆಗೆ ಬಂದಳು. ಮುಂದೆ ಬರೆದಿರುವುದು ಆ ಎರಡನೆಯ ಸೋಮವಾರದ ಸಂಗತಿ.

ಮೊದಲ ಸಲ ನಿರಾಸೆಯ ಭಯವಿಲ್ಲದೆಯೂ ಗಮನಿಸದೇ ಹೋಗಿದ್ದ ದಾರಿಯನ್ನು ಈ ಸಲ ಕಿಟಕಿಯ ಬಳಿ ಕುಳಿತು ನೋಡಿದೆ. ಮಿನ್ಯೊ ಎಂದು ಕರೆಯುವ ಈ ವಾಯವ್ಯ ಸೀಮೆ ಮಳೆಯ ಸೀಮೆ, ಎಲ್ಲೆಲ್ಲೂ ಹಸಿರು, ಎಲ್ಲರ ಹಿಡುವಳಿಯೂ ಸಣ್ಣದು. ಹೊಲದ ನಡುವಿನ ನೆಲವನ್ನು ಮೆಕ್ಕೆಜೋಳಕ್ಕೂ ಕೋಸಿಗೂ ಬಿಟ್ಟು, ದ್ರಾಕ್ಷಿಯನ್ನು ಅಂಚಿನ ಕಲ್ಲುಕಂಬಗಳ ಮೇಲೆ ಎತ್ತರದ ಚಪ್ಪರಕ್ಕೆ ಹಬ್ಬಿಸುತ್ತಾರೆ. ಹಿಂದೆ ಮರಗಳಿಗೇ ಹಬ್ಬಿಸುವ ಪದ್ಧತಿ ಹೆಚ್ಚಾಗಿತ್ತಂತೆ, ಈಗಲೂ ಅಲ್ಲಲ್ಲಿ ಅಂಥ ಬಳ್ಳಿಗಳು ಉಳಿದಿವೆ. ಕಾಫಿ ತೋಟದ ನೆರಳು ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸುವವರಿಗೆ ಇದರ ಲೆಕ್ಕಾಚಾರವನ್ನು ಯಾರೂ ವಿವರಿಸಬೇಕಾಗಿಲ್ಲ. ಆ ಸೀಮೆಯ 'ವಿನ್ಯೊ ವೆರ್ದೆ' ಎಂಬ ಹಗುರ ಮದ್ಯ ತಯಾರಾಗುವುದು ಈ ದ್ರಾಕ್ಷಿಯಿಂದಲೇ. ಲಿಮಾ ಕಣಿವೆಯಲ್ಲಿ ಲೌರೇಯಿರೊ ಎಂಬ ಬಿಳಿ ತಳಿಗೆ ಹೆಚ್ಚು ಬೆಲೆ.

ಒಂಬತ್ತು ಗಂಟೆಗೆ ನಾವು ತಲುಪುವಾಗ ಹೊಳೆಯ ಮೇಲಿನ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಕಳೆದ ವಾರ ಕಾರುಗಳಿದ್ದ ಮರಳದಂಡೆಯ ಉದ್ದಕ್ಕೂ ಬಿಳಿ ಬಟ್ಟೆಯ ಮಾಡುಗಳು ಎದ್ದಿದ್ದವು. ಸಂತೆಯನ್ನು ಪೋರ್ಚುಗೀಸಿನಲ್ಲಿ 'ಫೇಯಿರಾ' ಎನ್ನುತ್ತಾರೆ. ಅವರ ವಾರಗಳ ಹೆಸರುಗಳಲ್ಲೂ ಇದೇ ಪದವಿದೆ: ಸೋಮವಾರ ಸೆಗುಂದ ಫೇಯಿರಾ, ಅಂದರೆ ಎರಡನೆಯ ಫೇಯಿರಾ, ಮಂಗಳವಾರ ಮೂರನೆಯದು, ಹೀಗೆ ಶುಕ್ರವಾರದವರೆಗೆ. ಲ್ಯಾಟಿನ್ನಿನಲ್ಲಿ ಹಬ್ಬದ ಅಥವಾ ಬಿಡುವಿನ ದಿನವನ್ನು ಸೂಚಿಸುತ್ತಿದ್ದ ಒಂದೇ ಮೂಲದಿಂದ ವಾರದ ಹೆಸರೂ ಸಂತೆಯ ಹೆಸರೂ ಹುಟ್ಟಿವೆ ಎಂದು ಮಗಳು ವಿವರಿಸಿದಳು. ನಾವು ವಾರದಿಂದ ಊರಿಗೆ ಹೆಸರಿಟ್ಟೆವು, ಇವರು ವಾರಗಳಿಗೇ ಸಂತೆಯ ಪದ ಕೊಟ್ಟುಕೊಂಡು ಸಂತೆಯನ್ನು ಮಾತ್ರ ಹದಿನೈದು ದಿನಕ್ಕೊಮ್ಮೆ ಮಾಡುತ್ತಾರೆ ಎಂದು ನಾನು ತಮಾಷೆ ಮಾಡಿದೆ.

ಸಂತೆಯ ಮುಂಭಾಗದಲ್ಲಿ ಬಟ್ಟೆ, ಪಾದರಕ್ಷೆ, ಹಾಸಿಗೆ ಹೊದಿಕೆಗಳ ಅಂಗಡಿಗಳೇ ಹೆಚ್ಚು. ಪ್ರವಾಸಿಗರು ಅಲ್ಲಿಂದಲೇ ತಿರುಗಿ ಹೋಗುವುದನ್ನು ಕಂಡೆ. ತಾಳ್ಮೆಯಿಂದ ಒಳಕ್ಕೆ ನಡೆದರೆ ರೈತರ ಸಂತೆ ಸಿಗುತ್ತದೆ. ಕುಡುಗೋಲು, ಗುದ್ದಲಿ, ಬೆತ್ತದಂಥ ಕಡ್ಡಿಯಿಂದ ಹೆಣೆದ ಬುಟ್ಟಿ, ದನದ ಕೊರಳಿನ ಗಂಟೆ, ಮಣ್ಣಿನ ಪಾತ್ರೆ, ಒಣಹುಲ್ಲಿನ ಮೇಲೆ ಕೂರಿಸಿದ ಕೋಳಿಮರಿಗಳು, ಹೊಗೆಯಲ್ಲಿ ಒಣಗಿಸಿದ ಮಾಂಸದ ಸುರುಳಿಗಳು, ಜೇನು, ಗಿಣ್ಣಿನ ಗಾಲಿಗಳು, ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದ 'ಬ್ರೋವಾ' ಎಂಬ ಗಟ್ಟಿ ರೊಟ್ಟಿ. ನಾನು ಹೆಚ್ಚು ಹೊತ್ತು ನಿಂತದ್ದು ಸಸಿ ಮಾರುವವರ ಎದುರಿಗೆ. ಬೇರಿನ ಮಣ್ಣು ಉದುರದಂತೆ ಒದ್ದೆ ಕಾಗದದಲ್ಲಿ ಸುತ್ತಿ ಕಟ್ಟಿದ ಕೋಸಿನ ಸಸಿಗಳು ಕಂತೆ ಕಂತೆಯಾಗಿದ್ದವು. ಅದು ನಮ್ಮ ಗೆಡ್ಡೆಯಂತೆ ಸುತ್ತಿಕೊಳ್ಳುವ ಎಲೆಕೋಸಲ್ಲ. ಎದೆಯೆತ್ತರಕ್ಕೆ ಬೆಳೆಯುವ ದಂಟಿನಿಂದ ಬೇಕಾದಷ್ಟು ಎಲೆಯನ್ನು ಮುರಿದುಕೊಳ್ಳುತ್ತಾ ಹೋಗುವ ತಳಿ, ಅಲ್ಲಿನ ಪ್ರತಿ ಮನೆಯ ಹಿತ್ತಲಿನಲ್ಲೂ ಕಾಣುವಂಥದ್ದು.

ಭಾಷೆ ಬಾರದೆ ವ್ಯಾಪಾರ ಮಾಡುವುದು ನಾನು ಅಂಜಿದ್ದಷ್ಟು ಕಷ್ಟವಾಗಲಿಲ್ಲ. ಬೆಲೆಯನ್ನು ಬರೆದಿಟ್ಟಿರುತ್ತಾರೆ, ಚೌಕಾಸಿಗೆ ಹೆಚ್ಚು ಅವಕಾಶವಿಲ್ಲ, ಸಣ್ಣ ನೋಟು ಮತ್ತು ಚಿಲ್ಲರೆ ಕೈಯಲ್ಲಿದ್ದರೆ ಸಾಕು. ಒಂದು ಅಂಗಡಿಯಲ್ಲಿ ನೇತುಹಾಕಿದ್ದ ಬಕೆಟ್ಟಿನತ್ತ ಬೆರಳು ತೋರಿಸಿದಾಗ ಅವರು 'ಬಾಲ್ದ್' ಎಂದರು. ಕರಾವಳಿಯವರ ಬಾಯಲ್ಲಿ ಬಾಲ್ದಿ ಎಂಬ ಮಾತನ್ನು ಕೇಳಿ ಬೆಳೆದ ನನ್ನ ಹೆಂಡತಿ ನಕ್ಕುಬಿಟ್ಟಳು. ಬೀಗದ ಅಂಗಡಿಯಲ್ಲಿ 'ಶಾವ್' ಎಂದರೆ ಚಾವಿ, ತರಕಾರಿಯವರ ಬಳಿ 'ಬತಾತ' ಎಂದರೆ ಬಟಾಟೆ. ಈ ಮಾತುಗಳು ಗೋವೆಯ ಮೂಲಕ ನಮ್ಮ ಮನೆಗಳಿಗೆ ಬಂದು ಶತಮಾನಗಳೇ ಆಗಿವೆ.

ಈ ಊರನ್ನು ಸಂತೆಯ ದಿನವೇ ನೋಡಬೇಕೆಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. 1125ರಲ್ಲಿ ದೊನಾ ತೆರೇಜಾ ರಾಣಿ ಈ ಊರಿಗೆ ಹಕ್ಕುಪತ್ರವನ್ನು ಕೊಟ್ಟಳು. ಪೋರ್ಚುಗಲ್ ಎಂಬ ರಾಜ್ಯವೇ ಆಗ ಇನ್ನೂ ಹುಟ್ಟಿರಲಿಲ್ಲ. ಮೂರು ವರ್ಷಗಳ ನಂತರ ಅವಳನ್ನೇ ಯುದ್ಧದಲ್ಲಿ ಸೋಲಿಸಿದ ಮಗ ಅಫೊನ್ಸೊ ಎನ್ರಿಕೆಸ್ ಮುಂದೆ ಆ ರಾಜ್ಯದ ಮೊದಲ ದೊರೆಯಾದ. ಆ ಹಕ್ಕುಪತ್ರದಲ್ಲಿ ಸಂತೆಯ ಉಲ್ಲೇಖವಿದೆ, ಸಂತೆಗೆ ಬಂದು ಹೋಗುವವರಿಗೆ ದಾರಿಯಲ್ಲಿ ತೊಂದರೆ ಕೊಟ್ಟವರಿಗೆ ದಂಡವನ್ನೂ ವಿಧಿಸಲಾಗಿದೆ. ಎಂದರೆ ಊರಿಗೆ ಹಕ್ಕು ಸಿಗುವ ವೇಳೆಗೆ ಸಂತೆ ನಡೆಯುತ್ತಲೇ ಇತ್ತು. ದೇಶದ ಅತ್ಯಂತ ಹಳೆಯ 'ವಿಲಾ', ಅಂದರೆ ಪಟ್ಟಣ, ತಮ್ಮದೆಂದು ಇಲ್ಲಿನವರು ಹೇಳಿಕೊಳ್ಳುತ್ತಾರೆ. ನಗರವೆಂಬ ಪಟ್ಟ ಅವರಿಗೆ ಬೇಕಾಗಿಲ್ಲ. ನನಗೆ ಇದು ಸರಿಯಾದ ಹೆಮ್ಮೆಯೆಂದೇ ತೋರಿತು.

ಹನ್ನೊಂದರ ಹೊತ್ತಿಗೆ ಜನಸಂದಣಿ ಹೆಚ್ಚಿದಾಗ ಸೇತುವೆಗೆ ಹೋದೆವು. ಸುಮಾರು ನಾಲ್ಕು ಮೀಟರ್ ಅಗಲದ ಈ ಕಲ್ಲುಸೇತುವೆ ಈಗ ನಡೆಯುವವರಿಗೆ ಮಾತ್ರ. ಊರಿನ ಕಡೆಯ ದೊಡ್ಡ ಭಾಗ 14ನೇ ಶತಮಾನದ್ದು, ಆಚೆ ದಡದ ಸಂತ ಆಂತೋನಿಯೊ ಚರ್ಚಿನ ಬಳಿಯ ಕೆಲವು ಕಮಾನುಗಳು ರೋಮನ್ನರವು. ಬ್ರಾಗಾದಿಂದ ಇಂದಿನ ಸ್ಪೇನಿನ ಲೂಗೊ ಮತ್ತು ಆಸ್ತೋರ್ಗಾಗಳಿಗೆ ಹೋಗುತ್ತಿದ್ದ ಅವರ ಹೆದ್ದಾರಿ ಇಲ್ಲಿಯೇ ಹೊಳೆ ದಾಟುತ್ತಿತ್ತು. ಎರಡು ಕಾಲದ ಕಮಾನುಗಳನ್ನು ಹೋಲಿಸಿ ನೋಡಬೇಕಾದರೆ ಮೇಲೆ ನಡೆದರೆ ಪ್ರಯೋಜನವಿಲ್ಲ, ದಂಡೆಗೆ ಇಳಿಯಬೇಕು: ರೋಮನ್ನರದು ಅರೆವೃತ್ತ, ಮಧ್ಯಯುಗದವರದು ನೆತ್ತಿಯಲ್ಲಿ ಮೊನೆಯಾದ ಕಮಾನು. ನಾವು ದಾಟುವಾಗ ಬೆನ್ನಿನ ಚೀಲಕ್ಕೆ ಚಿಪ್ಪು ಕಟ್ಟಿಕೊಂಡ ಯಾತ್ರಿಕರು ಗುಂಪುಗುಂಪಾಗಿ ಎದುರಾದರು. ಸ್ಪೇನಿನ ಕ್ರೈಸ್ತ ಯಾತ್ರಾಸ್ಥಳ ಸಾಂತಿಯಾಗೊಗೆ ಹೋಗುವ ಪೋರ್ಚುಗೀಸ್ ಕಾಲ್ದಾರಿ ಈ ಸೇತುವೆಯ ಮೇಲೆಯೇ ಹಾದುಹೋಗುತ್ತದೆ. ಇಲ್ಲಿಂದ ಇನ್ನೂ ಸುಮಾರು 150 ಕಿಲೋಮೀಟರ್ ನಡೆಯಬೇಕು, ಮುಂದಿನ ಲಬ್ರೂಜಾ ಬೆಟ್ಟದ ಏರು ಆ ದಾರಿಯಲ್ಲೇ ಕಠಿಣವಾದದ್ದು.

ಹೊಳೆಯ ಎರಡೂ ದಡಗಳಲ್ಲಿ ನಿಲ್ಲಿಸಿರುವ ಪ್ರತಿಮೆಗಳ ಅರ್ಥ ಮೊದಲ ಸಲ ನಮಗೆ ಹೊಳೆದಿರಲಿಲ್ಲ. ಊರಿನ ದಡದಲ್ಲಿ ರೋಮನ್ ಸೈನಿಕರು ಸಾಲಾಗಿ ನಿಂತಿದ್ದಾರೆ, ಆಚೆ ದಡದಲ್ಲಿ ಕುದುರೆಯೇರಿದ ಸೇನಾನಿ ಒಬ್ಬನೇ ಇದ್ದಾನೆ. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ದೆಸಿಮುಸ್ ಜೂನಿಯುಸ್ ಬ್ರೂಟುಸ್ ಎಂಬ ಸೇನಾನಿ ಇಲ್ಲಿಗೆ ಬಂದಾಗ, ಇದು ದಾಟಿದವರಿಗೆ ಎಲ್ಲವನ್ನೂ ಮರೆಸುವ ಲೇಥೆ ನದಿಯೆಂದು ಹೆದರಿ ಸೈನಿಕರು ನೀರಿಗಿಳಿಯಲಿಲ್ಲವಂತೆ. ಅವನು ತಾನೇ ದಾಟಿ, ಆಚೆ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದ ಎಂಬುದು ಊರಿನವರು ಹೇಳುವ ಕಥೆ. ಇಂಥದ್ದೇ ಇನ್ನೊಂದು ಕಥೆ ಸಂತ ಪಾಲನ ಗೋಪುರದ ನೀಲಿ ಹೆಂಚುಚಿತ್ರದಲ್ಲಿದೆ. ಬೆಟ್ಟದಲ್ಲಿ ಅಲುಗಾಡಿದ್ದನ್ನು 'ಮೂರ್' ಎಂದು ಕರೆಯುತ್ತಿದ್ದ ಮುಸ್ಲಿಮರ ಸೈನ್ಯವೆಂದು ಭಾವಿಸಿ ಅಫೊನ್ಸೊ ಎನ್ರಿಕೆಸ್ ಯುದ್ಧಕ್ಕೆ ಸಿದ್ಧನಾದಾಗ ಜೊತೆಯವನೊಬ್ಬ "ಅವು ಆಡುಗಳು, ಪ್ರಭು" ಎಂದನಂತೆ. ಆಗಿನ್ನೂ ಒಂದು ವಾರದ ಹಿಂದೆ ಸಂತೆ ಇದೆಯೆಂದು ಖಾಲಿ ಮರಳಿಗೆ ಬಂದಿದ್ದ ನಾನು ಆ ದೊರೆಯನ್ನು ನೋಡಿ ನಗಲಿಲ್ಲ.

1359ರಲ್ಲಿ ಪೇದ್ರೊ ದೊರೆಯ ಆಜ್ಞೆಯಂತೆ ಕಟ್ಟಲು ತೊಡಗಿದ ಕೋಟೆಯಲ್ಲಿ ಈಗ ಉಳಿದಿರುವುದು ಈ ಗೋಪುರ, ಸೆರೆಮನೆಯ ಗೋಪುರ ಮತ್ತು ಗೋಡೆಯ ತುಂಡುಗಳು ಮಾತ್ರ. ಹೊಳೆಯ ಕಡೆಯ ಗೋಡೆಯಲ್ಲಿ ಹಿಂದಿನ ನೆರೆಗಳು ಏರಿದ ಎತ್ತರವನ್ನು ಗುರುತು ಮಾಡಿದ್ದಾರೆ. ಅವುಗಳಲ್ಲಿ ಕೆಲವು ನನ್ನ ತಲೆಗಿಂತ ಮೇಲಿದ್ದವು. ಸಂತೆಯನ್ನು ಮರಳಿನ ಮೇಲೆ ಮಾಡುವವರು ಶಾಶ್ವತವಾದ ಕಟ್ಟಡವೊಂದನ್ನೂ ಅಲ್ಲಿ ಏಕೆ ಕಟ್ಟಿಲ್ಲವೆಂಬುದು ಆ ಗುರುತುಗಳಿಂದ ತಿಳಿಯಿತು.

ಊಟದ ವಿಷಯದಲ್ಲಿ ಮಾತ್ರ ಸೋಮವಾರ ನಮಗೆ ಅಡ್ಡ ಬಂತು. ಇಲ್ಲಿನ ಪ್ರಸಿದ್ಧ ಅಡುಗೆ 'ಸರಾಬುಲ್ಯೊ' ಅನ್ನ. ಬಗೆಬಗೆಯ ಮಾಂಸ ಬೇಯಿಸಿದ ಸಾರಿನಲ್ಲಿ ಅಕ್ಕಿಯನ್ನು ಬೇಯಿಸಿ, ಹಂದಿಯ ರಕ್ತವನ್ನೂ ಜೀರಿಗೆಯನ್ನೂ ಸೇರಿಸಿ ನೀರುನೀರಾಗಿ ಬಡಿಸುತ್ತಾರೆ, ಜೊತೆಗೆ ಹುರಿದ ಹಂದಿಮಾಂಸದ ತುಂಡುಗಳಿರುತ್ತವೆ. ಹಂದಿಮಾಂಸ ನನಗೆ ಹೊಸದಲ್ಲ. ಆದರೆ ನಮ್ಮ ಮನೆಯಲ್ಲಿ ಸೋಮವಾರ ಮಾಂಸ ಮುಟ್ಟುವ ರೂಢಿಯಿಲ್ಲ, ಸಾವಿರಾರು ಮೈಲಿ ಬಂದಮೇಲೂ ಅದನ್ನು ಮುರಿಯಲು ಮನಸ್ಸಾಗಲಿಲ್ಲ. ಮಗಳು ಒಂದು ತಟ್ಟೆ ತರಿಸಿಕೊಂಡಳು. ಜೀರಿಗೆಯ ಪರಿಮಳವನ್ನಷ್ಟೇ ನಾವು ಪಡೆದೆವು. ನಮಗೆ ಸಿಕ್ಕಿದ್ದು ಬ್ರೋವಾ, ಗಿಣ್ಣು, ಬೇಯಿಸಿದ ಆಲೂಗಡ್ಡೆ ಮತ್ತು ಸಣ್ಣಗೆ ಹೆಚ್ಚಿದ ಅದೇ ಉದ್ದ ದಂಟಿನ ಕೋಸಿನ ಹಸಿರು ಸೂಪು. ಅದಕ್ಕೆ ಮಾಂಸದ ಸುರುಳಿಯ ಒಂದು ಬಿಲ್ಲೆಯನ್ನು ಹಾಕುವ ವಾಡಿಕೆಯಿರುವುದರಿಂದ ಬೇಡವೆಂದು ಮೊದಲೇ ಹೇಳಬೇಕು. ಸೂಪಿನ ನೀರಿಗೂ ಮಾಂಸ ಸೇರಿದೆಯೇ ಎಂದು ಮಗಳು ಒಳಗೆ ಹೋಗಿ ಕೇಳಿ ಬಂದ ಮೇಲೆಯೇ ನನ್ನ ಹೆಂಡತಿ ಚಮಚ ಎತ್ತಿದ್ದು.

ಮಧ್ಯಾಹ್ನ ಆಚೆ ದಡಕ್ಕೆ ಮತ್ತೊಮ್ಮೆ ದಾಟಿ, 2005ರಿಂದ ಪ್ರತಿ ವರ್ಷ ನಡೆಯುವ ಉದ್ಯಾನಗಳ ಉತ್ಸವವನ್ನು ನೋಡಿದೆವು. ಒಂದೇ ವಿಷಯವನ್ನು ಹಿಡಿದು ಬೇರೆ ಬೇರೆ ದೇಶದವರು ರೂಪಿಸಿದ ಪುಟ್ಟ ತೋಟಗಳು ಅಲ್ಲಿರುತ್ತವೆ. ಬೆಳಗಿನ ಸಸಿಗಳ ಸಾಲು ಕಂಡ ಕಣ್ಣಿಗೆ ಅವು ಸ್ವಲ್ಪ ಸಿಂಗಾರ ಹೆಚ್ಚಾದಂತೆ ಕಂಡವು. ಹೊಳೆಯ ಬದಿಯ ಪ್ಲೇನ್ ಮರಗಳ ಸಾಲಿನ ನೆರಳಿನಲ್ಲಿ ಕುಳಿತದ್ದೇ ನಮಗೆ ಹೆಚ್ಚು ಹಿತವಾಯಿತು.

ಹೊರಡುವ ಮುನ್ನ ಸಸಿ ಮಾರುವ ಅಜ್ಜಿಯ ಬಳಿ ಮಗಳ ಬಾಲ್ಕನಿಗೆಂದು ಒಂದು ಕಂತೆ ಕೋಸಿನ ಸಸಿ ಕೊಂಡೆ. ಅಜ್ಜಿ ಆಗಲೇ ಉಳಿದ ಕಂತೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು, ಪಕ್ಕದ ಮಾಡುಗಳು ಇಳಿದು ಮರಳಿನ ಮೇಲೆ ಮತ್ತೆ ಕಾರುಗಳು ಬಂದು ನಿಲ್ಲತೊಡಗಿದ್ದವು. ಇನ್ನು ಯಾವಾಗ ಬರುತ್ತೀರಿ ಎಂದು ಮಗಳಿಂದ ಕೇಳಿಸಿದೆ. ಅವರು 'ಕಿಂಝ್ ದಿಯಶ್' ಎಂದರು. ಎಣಿಸಿದರೆ ಎರಡು ವಾರಕ್ಕೆ ಹದಿನಾಲ್ಕೇ ದಿನ. ಆದರೂ ಅವರ ಮಾತಿನಲ್ಲಿ ಅದು ಹದಿನೈದು ದಿನ, ನಮ್ಮಲ್ಲಿ ಹೇಳುವ ಹಾಗೆಯೇ.