ಮಕ್ಕಳ ಜೊತೆ ‘ಸೇವ್ಡ್!’ ನೋಡುವುದು ಹೇಗೆ?

2004ರ ಅಮೆರಿಕನ್ ಸಿನಿಮಾ ಇದು. ಕ್ರೈಸ್ತ ಹೈಸ್ಕೂಲಿನಲ್ಲಿ ಬಸುರಿಯಾಗುವ ಮೇರಿಯ ಕಥೆ. ಹಾಗಾಗಿ ಮೊದಲು ನೀವೊಬ್ಬರೇ ನೋಡಿಕೊಳ್ಳಿ.

ಮಕ್ಕಳ ಜೊತೆ ಕೂತಾಗ ರಿಮೋಟ್ ಕೈಯಲ್ಲೇ ಇರಲಿ. ನನ್ನಲ್ಲಿ ಕ್ರಿಸ್ತನ ಪ್ರೀತಿ ತುಂಬಿದೆ ಅಂತ ಕಿರುಚುತ್ತಾ ಸಹಪಾಠಿ ಹಿಲರಿ ಫೇ ಮೇರಿಯ ಬೆನ್ನಿಗೆ ಬೈಬಲ್ ಎಸೆಯುತ್ತಾಳೆ. ಮೇರಿ ಅದನ್ನೆತ್ತಿಕೊಂಡು, ಇದು ಆಯುಧ ಅಲ್ಲ ಅನ್ನುತ್ತಾಳೆ. ಅಲ್ಲಿ ನಿಲ್ಲಿಸಿ. ‘ಇಬ್ಬರಲ್ಲಿ ದೇವರನ್ನು ನಂಬೋರು ಯಾರು?’ ಅಂತ ಮಗಳನ್ನು ಕೇಳಿದೆ. ತುಂಬಾ ಹೊತ್ತು ಸುಮ್ನಿದ್ದಳು. ಆಗ ನೀವೇ ಉತ್ತರ ಹೇಳಬೇಡಿ.

‘ಅವರ ಧರ್ಮವೇ ಹಾಗೆ’ ಅಂತ ಮಕ್ಕಳು ಹೇಳಿದರೆ ಪ್ಯಾಟ್ರಿಕ್‌ನನ್ನು ತೋರಿಸಿ. ಪಾದ್ರಿಯ ಮಗ, ಅವನೂ ಭಕ್ತನೇ. ಆದರೂ ಮೇರಿಯ ಪರ ನಿಲ್ಲುತ್ತಾನೆ, ಅಲ್ವಾ?

ಆಮೇಲೆ ನಿಮ್ಮ ಮನೆಗೇ ಬನ್ನಿ. ನಮ್ಮಲ್ಲಿ ಮಾತು ಅಜ್ಜಿಯ ಮಡಿವರೆಗೂ ಹೋಯಿತು. ಅಷ್ಟರಲ್ಲಿ ಸಾರು ಆರಿತ್ತು.