ಮುಂದೆ ಹಳೆ ಮನೆ, ಹಿಂದೆ ಹೊಸ ಕಟ್ಟಡ: ಒಂದೇ ಸೈಟಿನಲ್ಲಿ ಎರಡನ್ನೂ ನಿಲ್ಲಿಸುವ ಬಗೆ

ಬಸವನಗುಡಿ, ಮಲ್ಲೇಶ್ವರ, ಮೈಸೂರಿನ ಲಕ್ಷ್ಮೀಪುರಂನಂಥ ಕಡೆ ಹಳೆ ಮನೆ ಕೆಡವಲು ಗೋಡೆಯ ಬಿರುಕು ಕಾರಣವಾಗುವುದು ಕಡಿಮೆ. ಮೂವರು ಮಕ್ಕಳಿಗೆ ಪಾಲಾಗಬೇಕು, ಬಿಲ್ಡರ್ ಇಷ್ಟು ಚದರ (ಒಂದು ಚದರ ಎಂದರೆ 100 ಚದರಡಿ) ಕಟ್ಟಿಕೊಡುತ್ತೇನೆ ಎಂದು ಹಾಳೆಯಲ್ಲಿ ಬರೆದು ತೋರಿಸುತ್ತಾನೆ, ಅಲ್ಲಿಗೆ ಮುಗಿಯಿತು. ಆ ಹಾಳೆಯಲ್ಲಿ ಎರಡೇ ದಾರಿ ಇರುತ್ತವೆ: ಪೂರ್ತಿ ಕೆಡವು, ಇಲ್ಲವೇ ಹಾಗೇ ಬಿಡು. ಸೈಟು ಉದ್ದವಾಗಿದ್ದರೆ ಮೂರನೆಯದೂ ಇದೆ. ರಸ್ತೆಗೆ ಮುಖ ಮಾಡಿದ ಮನೆಯನ್ನು ಉಳಿಸಿಕೊಂಡು, ಹಿಂದಿನ ಬಚ್ಚಲು, ಕೊಟ್ಟಿಗೆ, ಆಮೇಲೆ ಸೇರಿಸಿದ ಶೀಟಿನ ಕೋಣೆಗಳನ್ನು ತೆಗೆದು ಅಲ್ಲಿ ಮಹಡಿ ಎಬ್ಬಿಸುವುದು. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ ಹೀಗೆಯೇ ಉಳಿದಿದೆ. ಹಳೆ ಬಂಗಲೆಯನ್ನು ದುರಸ್ತಿ ಮಾಡಿ, ಜೊತೆಗೆ ಹೊಸ ಗ್ಯಾಲರಿ ಬ್ಲಾಕ್ ಕಟ್ಟಿ, 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಅಲ್ಲಿ ಬಾಗಿಲು ತೆರೆಯಿತು. ಮನೆಯ ಮಟ್ಟದಲ್ಲೂ ಸೂತ್ರ ಅದೇ.

ಮೊದಲು ಕಾಗದ

ಆರ್ಕಿಟೆಕ್ಟ್‌ಗೆ ದುಡ್ಡು ಕೊಡುವ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಿ. ಹತ್ತಿರದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಇದೆಯೇ? ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ನಂತರ ಅಂಥ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಬೆಂಗಳೂರಿನ ಕೋಟೆ, ಟಿಪ್ಪು ಅರಮನೆ ಸುತ್ತಮುತ್ತ ಇರುವವರಿಗೆ ಇದು ನೇರ ಪೆಟ್ಟು. 100 ಮೀಟರ್ ಒಳಗಿದ್ದರೆ ಹಿಂದೆ ಹೊಸ ಬ್ಲಾಕ್ ಕಟ್ಟುವ ಯೋಚನೆಯನ್ನೇ ಬಿಡಬೇಕು. 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡದ ದುರಸ್ತಿ, ನವೀಕರಣಕ್ಕೆ ಮಾತ್ರ ಅನುಮತಿ ಕೇಳಬಹುದು. ನಿಯಂತ್ರಿತ ವಲಯದಲ್ಲಿ ಹೊಸದಾಗಿ ಕಟ್ಟಬಹುದು, ಆದರೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಒಪ್ಪಿಗೆ ಬೇಕು. ದೂರವನ್ನು ಮೊಬೈಲ್ ನಕ್ಷೆಯಲ್ಲಿ ಅಳೆದು ನಂಬಬೇಡಿ. ಅಳತೆ ಶುರುವಾಗುವುದು ಸ್ಮಾರಕದ ಸಂರಕ್ಷಿತ ಗಡಿಯಿಂದ, ಗೋಪುರದ ಬುಡದಿಂದಲ್ಲ.

ಎರಡನೆಯದು, ನಿಮ್ಮ ಮನೆಯೇ ನಗರದ ಪಾರಂಪರಿಕ ಪಟ್ಟಿಯಲ್ಲಿದೆಯೇ ಎಂಬುದು. ಯೋಜನಾ ಪ್ರಾಧಿಕಾರದಲ್ಲಿ ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿ ಪಡೆಯಿರಿ. ಪಟ್ಟಿಯಲ್ಲಿದ್ದರೆ ದರ್ಜೆ ನೋಡಿ. ದೇಶದಲ್ಲಿ ರೂಢಿಯಲ್ಲಿರುವ ಕ್ರಮದಲ್ಲಿ ಮೊದಲ ದರ್ಜೆಯ ಕಟ್ಟಡವನ್ನು ಒಳಗೂ ಹೊರಗೂ ಮುಟ್ಟುವಂತಿಲ್ಲ, ಎರಡನೆಯದರಲ್ಲಿ ಒಳಗಿನ ಬದಲಾವಣೆಗೆ ಒಂದಿಷ್ಟು ಅವಕಾಶ, ಮೂರನೆಯದರಲ್ಲಿ ಇನ್ನೂ ಸಡಿಲ.

ಲೆಕ್ಕ

60×120 ಅಡಿಯ ಸೈಟು, 7,200 ಚದರಡಿ. ಮುಂದೆ 45×50 ಅಡಿಯ, ಅಂದರೆ ಇಪ್ಪತ್ತೆರಡೂವರೆ ಚದರದ ಹಳೆ ಮನೆ. ಎಫ್‌ಎಆರ್, ಅಂದರೆ ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ, 1.75 ಎಂದಿಟ್ಟುಕೊಳ್ಳಿ (ರಸ್ತೆಯ ಅಗಲದ ಮೇಲೆ ಇದು ಬದಲಾಗುತ್ತದೆ). ಪೂರ್ತಿ ಕೆಡವಿದರೆ 12,600 ಚದರಡಿ ಕಟ್ಟಬಹುದು.

ಉಳಿಸಿದರೆ? ಮುಂದೆ 15 ಅಡಿ ಬಿಟ್ಟು ಮನೆಗೆ 50 ಹೋಯಿತು, ಉಳಿದದ್ದು 55. ಹಿಂದೆ ಖಾಲಿ ಬಿಡಬೇಕಾದ ಜಾಗ (ಸೆಟ್‌ಬ್ಯಾಕ್) 8, ಹಳೆಯದಕ್ಕೂ ಹೊಸದಕ್ಕೂ ನಡುವೆ 12 ಅಡಿ ತೆರಪು. ಸಿಗುವ ಆಳ 35 ಅಡಿ. ಪಕ್ಕಗಳಲ್ಲಿ ಏಳೇಳು ಅಡಿ ಬಿಟ್ಟರೆ ಅಗಲ 46. ಮಹಡಿಗೆ 1,610 ಚದರಡಿ. ಸ್ಟಿಲ್ಟ್ (ಕಾರು ನಿಲ್ಲಿಸಲು ಬರೀ ಕಂಬಗಳಿರುವ ನೆಲಮಟ್ಟ) ಮೇಲೆ ನಾಲ್ಕು ಮಹಡಿ ಎಂದರೆ 6,440. ಹಳೆ ಮನೆಯ 2,250 ಸೇರಿಸಿ 8,690.

ವ್ಯತ್ಯಾಸ 3,910 ಚದರಡಿ. ಮನೆ ಉಳಿಸಿಕೊಳ್ಳುವುದಕ್ಕೆ ನೀವು ಕೊಡುವ ಬೆಲೆ ಇಷ್ಟೇ, ಇಡೀ 12,600 ಅಲ್ಲ. ಪಾಲುದಾರರ ಮುಂದೆ ಇಡಬೇಕಾದ ಅಂಕಿ ಇದು. ಇದರ ಎದುರಿಗೆ ಕೆಡವುವ ಖರ್ಚು, ಅಷ್ಟೂ ಜಾಗವನ್ನು ಹೊಸದಾಗಿ ಕಟ್ಟುವ ಖರ್ಚು, ಮುಂದಿನ ಮನೆಯನ್ನು ಕಚೇರಿಗೋ ಕೆಫೆಗೋ ಕೊಟ್ಟರೆ ಬರುವ ಬಾಡಿಗೆ ಬರೆಯಿರಿ. ವಾಣಿಜ್ಯ ಬಳಕೆಗೆ ಆ ರಸ್ತೆಯಲ್ಲಿ ಅವಕಾಶವಿದೆಯೇ ಎಂದು ಮಾತ್ರ ಮೊದಲೇ ವಿಚಾರಿಸಿ. ಇಷ್ಟಾದ ಮೇಲೂ ಲೆಕ್ಕ ಕೂಡದ ಸೈಟುಗಳಿವೆ. 30×40ರಲ್ಲಿ ಈ ಉಪಾಯ ನಡೆಯುವುದಿಲ್ಲ, ನಡೆಸಲು ಹೋಗಬೇಡಿ.

ಲೆಕ್ಕ ಕೆಡುವುದು ಕಾರಿನ ದಾರಿಯಲ್ಲಿ. ಹಳೆ ಮನೆಯ ಪಕ್ಕ ಒಂದು ಕಡೆಯಾದರೂ 10 ಅಡಿ ಖಾಲಿ ಇರಬೇಕು. ಎರಡೂ ಕಡೆ ಏಳೂವರೆ ಇದ್ದರೆ ಕಾರು ಹೋದೀತು, ಕಾಂಕ್ರೀಟ್ ಮಿಕ್ಸರ್ ಹೋಗದು, ನುಗ್ಗಿಸಿದರೆ ಜಗುಲಿಯ ಮೂಲೆ ಉಜ್ಜಿಯೇ ಉಜ್ಜುತ್ತದೆ.

ಪಾಯ ತೋಡುವಾಗ

ಹಳೆ ಮನೆಗೆ ನಿಜವಾದ ಅಪಾಯ ಇಲ್ಲಿಯೇ. 2016ರ ಆಗಸ್ಟ್‌ನಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದಾಗ ಅಲ್ಲಿ ನಡೆಯುತ್ತಿದ್ದದ್ದು ದುರಸ್ತಿಯೇ. ನೂರು ವರ್ಷ ನಿಂತ ಗೋಡೆ ಸುಮ್ಮನಿದ್ದಾಗಿನದಕ್ಕಿಂತ ಕೆಲಸ ಶುರುವಾದ ಮೇಲೆ ಹೆಚ್ಚು ದುರ್ಬಲ.

ಮೊದಲು ಹಳೆ ಮನೆಯ ಹಿಂಗೋಡೆಯ ಪಕ್ಕ ಎರಡು ಕಡೆ, ಮೂರಡಿ ಅಗಲದ ಗುಂಡಿ ತೋಡಿ ಪಾಯ ಎಷ್ಟು ಆಳಕ್ಕಿದೆ, ಗೋಡೆಯಿಂದ ಎಷ್ಟು ಹೊರಚಾಚಿದೆ ನೋಡಿ. ಸೈಜುಗಲ್ಲಿನ ಪಾಯ ಹೆಚ್ಚೆಂದರೆ ನಾಲ್ಕಡಿ ಇದ್ದೀತು. ಆ ಪಾಯದ ತಳದ ಹೊರ ಅಂಚಿನಿಂದ 45 ಡಿಗ್ರಿಯಲ್ಲಿ ಕೆಳಕ್ಕೆ ಒಂದು ಗೆರೆ ಊಹಿಸಿ. ಹೊಸ ತೋಡು ಆ ಗೆರೆಯನ್ನು ಕಡಿಯಬಾರದು. ಗಟ್ಟಿ ಮಣ್ಣಿಗೆ ಈ ಲೆಕ್ಕ. ತುಂಬಿದ ಮಣ್ಣು, ಹಳೆ ಬಾವಿ ಮುಚ್ಚಿದ ಜಾಗವಾದರೆ ಒಂದಡಿ ಆಳಕ್ಕೆ ಎರಡಡಿ ದೂರ.

ಉದಾಹರಣೆಗೆ, ಹೊಸ ಬ್ಲಾಕಿನ ಪಾಯ 7 ಅಡಿ ಆದರೆ ವ್ಯತ್ಯಾಸ ಮೂರೇ ಅಡಿ, ನಡುವಿನ 12 ಅಡಿ ತೆರಪು ಧಾರಾಳ. 12 ಅಡಿಯ ಬೇಸ್‌ಮೆಂಟ್ ಬೇಕೆಂದರೆ ವ್ಯತ್ಯಾಸ 8 ಅಡಿ. ಗಟ್ಟಿ ಮಣ್ಣಿನಲ್ಲಿ ಹೇಗೋ ಆದೀತು, ಸಡಿಲ ಮಣ್ಣಿನಲ್ಲಿ 16 ಅಡಿ ದೂರ ಬೇಕು, ಅಷ್ಟು ಜಾಗವಿಲ್ಲ. ಆಗ ತೋಡುವ ಮೊದಲೇ ಸಾಲು ಪೈಲ್ (ಮಣ್ಣು ತಡೆಯಲು ನೆಲದಾಳಕ್ಕೆ ಸಾಲಾಗಿ ಇಳಿಸುವ ಕಂಬಗಳು) ಇಳಿಸಬೇಕು, ಖರ್ಚು ಏರುತ್ತದೆ. ನಮ್ಮ ಸಲಹೆ ನೇರ: ಬೇಸ್‌ಮೆಂಟ್ ಬೇಡ, ಸ್ಟಿಲ್ಟ್ ಪಾರ್ಕಿಂಗ್ ಸಾಕು.

ಹಳೆ ಪಾಯದ ಕೆಳಗೇ ಹೊಸ ಪಾಯ ಕೊಡಬೇಕಾಗಿ ಬಂದರೆ ಮೂರರಿಂದ ನಾಲ್ಕಡಿ ಉದ್ದದ ತುಂಡುಗಳಾಗಿ ಮಾಡಿಸಿ. ಮೊದಲು 1, 3, 5ನೇ ತುಂಡು. ಅವು ಗಟ್ಟಿಯಾಗಿ ಭಾರ ಹೊತ್ತ ಮೇಲಷ್ಟೇ 2, 4, 6. ಒಟ್ಟಿಗೆ ಅಕ್ಕಪಕ್ಕದ ಎರಡು ತುಂಡು ತೋಡಿದರೆ ಗೋಡೆ ಗಾಳಿಯಲ್ಲಿ ನಿಂತಂತೆ. ಕೂಲಿಯವರು ದಿನ ಉಳಿಸಲು ಹೀಗೆ ಮಾಡುತ್ತಾರೆ, ಆ ದಿನಗಳಲ್ಲಿ ಎಂಜಿನಿಯರ್ ಸ್ಥಳದಲ್ಲೇ ಇರಲಿ.

ಬಂಡೆ ಸಿಕ್ಕಿದರೆ ಸಿಡಿಮದ್ದು ಬೇಡ, ಬ್ರೇಕರ್ ಕೂಡ ಗೋಡೆಯ ಹತ್ತಿರ ಬೇಡ. ತೂತು ಕೊರೆದು ಉಬ್ಬುವ ಪುಡಿ ತುಂಬಿ ಬಂಡೆ ಸೀಳಿಸಬಹುದು. ಕಂಪನ ಅಳೆಯುವ ಯಂತ್ರ ಇಡುವುದಾದರೆ, ಸೂಕ್ಷ್ಮ ಹಳೆ ಕಟ್ಟಡಕ್ಕೆ ಪಾಯದ ಮಟ್ಟದಲ್ಲಿ ಸೆಕೆಂಡಿಗೆ 3 ಮಿ.ಮೀ. ದಾಟದಿರಲಿ.

ಕೆಲಸ ಶುರುವಾಗುವ ಮೊದಲು ಪ್ರತಿ ಬಿರುಕಿನ ಫೋಟೋ ತೆಗೆದು, ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಅಲುಗಿದೆ ಎಂದರ್ಥ, ತೋಡುವುದನ್ನು ಅಂದೇ ನಿಲ್ಲಿಸಿ.

ಮಳೆನೀರನ್ನು ಯಾರೂ ಯೋಚಿಸುವುದಿಲ್ಲ. 1,610 ಚದರಡಿ ತಾರಸಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 7,500 ಲೀಟರ್. ಅದು ನಡುವಿನ ತೆರಪಿಗೆ ಸುರಿದರೆ ಹಳೆ ಪಾಯ ಕುಡಿಯುತ್ತದೆ. ಪೈಪುಗಳನ್ನೆಲ್ಲ ಹೊಸ ಬ್ಲಾಕಿನ ಹಿಂಬದಿಗೆ ಇಳಿಸಿ, ಇಂಗುಗುಂಡಿಯನ್ನು ಹಳೆ ಗೋಡೆಯಿಂದ 15 ಅಡಿಯಾದರೂ ದೂರ ತೋಡಿಸಿ. ಅಡುಗೆಮನೆ, ಬಚ್ಚಲು, ಸಂಪು ಎಲ್ಲ ಹೊಸದರಲ್ಲಿ ಇರಲಿ, ಹಳೆಯದು ಒಣಗಿರಲಿ. ಎರಡನ್ನೂ ಜೋಡಿಸಲೇಬೇಕಾದರೆ ಹಗುರ ಉಕ್ಕಿನ ಮಾಡು ಸಾಕು. ಅದರ ಭಾರ ಹೊಸ ಕಟ್ಟಡದ ಮೇಲಿರಲಿ, ಹಳೆ ಗೋಡೆಗೆ ಬರೀ ಸಡಿಲ ತಗಡಿನ ಮುಚ್ಚಳ.

ತಾರಸಿ, ಗಾರೆ

ಮದ್ರಾಸ್ ತಾರಸಿ ಎಂದರೆ ತೇಗದ ಜಂತೆಗಳ ಮೇಲೆ ಚಿಕ್ಕ ಚಪ್ಪಟೆ ಇಟ್ಟಿಗೆಯನ್ನು ಅಂಚಿನ ಮೇಲೆ ಓರೆಯಾಗಿ ಕೂರಿಸಿ, ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಕಾಂಕ್ರೀಟ್ ಬಡಿದು, ಕೊನೆಗೆ ಚಪ್ಪಟೆ ಹೆಂಚು ಹಾಸಿದ್ದು. ಸೋರಿದಾಗೆಲ್ಲ ಅದರ ಮೇಲೆ ಸಿಮೆಂಟ್ ಬಳಿಯುವುದು ರೂಢಿಯಾಗಿಬಿಟ್ಟಿದೆ. ಒಂದಿಂಚು ಸಿಮೆಂಟ್ ಗಾರೆ ಚದರಡಿಗೆ ಸುಮಾರು 5 ಕಿಲೋ ತೂಗುತ್ತದೆ. ಮೂರಿಂಚು ಸೇರಿದರೆ ಮೇಲೆ ಲೆಕ್ಕ ಹಾಕಿದ 2,250 ಚದರಡಿಯ ಮನೆಯ ಮೇಲೆ ಸುಮಾರು 34 ಟನ್ ಹೆಚ್ಚುವರಿ ಭಾರ. ಜಂತೆ ಬಾಗುವುದು ವಯಸ್ಸಿನಿಂದ ಎಂದು ತಿಳಿದರೆ ತಪ್ಪು.

ಸಿಮೆಂಟ್ ಪದರವನ್ನು ಉಳಿ ಸುತ್ತಿಗೆಯಿಂದ ಕೈಯಲ್ಲೇ ಬಿಡಿಸಿ, ಕೆಳಗೆ ಜಂತೆಗಳಿಗೆ ಆನಿಕೆ ಕೊಟ್ಟುಕೊಂಡು. ಜಂತೆ ಕೊಳೆಯುವುದು ಗೋಡೆಯೊಳಗೆ ಹೂತ ತುದಿಯಲ್ಲಿ. ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಅರ್ಧ ಇಂಚಿಗಿಂತ ಸಲೀಸಾಗಿ ಇಳಿದರೆ ತುದಿ ಹೋಗಿದೆ. ಇಡೀ ಜಂತೆ ಬದಲಿಸಬೇಕಿಲ್ಲ. ಕೊಳೆತದ್ದನ್ನು ಕತ್ತರಿಸಿ, ಎರಡು ಪಕ್ಕ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ಮಾಡಿ, ತುದಿಯ ಸುತ್ತ ಗಾಳಿಯಾಡಲು ಅರ್ಧ ಇಂಚು ಬಿಡಿ.

ಹೊಸ ಸುಣ್ಣದ ಕಾಂಕ್ರೀಟಿಗೆ ಒಂದಿಂಚಿನ ಇಟ್ಟಿಗೆ ಚೂರು, ಅರಳಿದ ಸುಣ್ಣ, ಸುರ್ಕಿ (ನುಣ್ಣನೆಯ ಇಟ್ಟಿಗೆ ಪುಡಿ). ಸಿಂಪಡಿಸುವ ಕಷಾಯಕ್ಕೆ, ನಾಲ್ಕಿಂಚು ದಪ್ಪದ 10 ಚದರ ಮೀಟರ್ ಕೆಲಸಕ್ಕೆ 600 ಗ್ರಾಂ ಅಳಲೆಕಾಯಿ, 200 ಗ್ರಾಂ ಬೆಲ್ಲ, 40 ಲೀಟರ್ ನೀರು. ಕಾಯಿ ಜಜ್ಜಿ 12ರಿಂದ 24 ಗಂಟೆ ನೆನೆಸಿ ತಿಳಿಯನ್ನು ಬಳಸಿ. ಬೆಲ್ಲ ಹೆಚ್ಚಾದರೆ ಇರುವೆ, ಬೂಷ್ಟು. ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯಬೇಕು, ಕೊಡತಿ ಗುರುತು ಬೀಳದೆ ಪುಟಿಯುವವರೆಗೆ. ಇಳಿಜಾರು 60ಕ್ಕೆ 1.

ಗೋಡೆಯ ಗಾರೆಗೆ ಸುಣ್ಣ 1, ಸುರ್ಕಿ 1, ಮರಳು 2. ಸುಣ್ಣವನ್ನು ಎರಡು ವಾರವಾದರೂ ನೀರಿನಲ್ಲಿ ಅರಳಿಸಿ ಸೋಸಿ. ಅರಳದ ಕಾಳು ಉಳಿದರೆ ತಿಂಗಳಾದ ಮೇಲೆ ಗೋಡೆಯಲ್ಲಿ ಸಿಡಿದು ಕುಳಿ ಬೀಳುತ್ತದೆ. ಒಂದು ಕೈಗೆ ಅರ್ಧ ಇಂಚಿಗಿಂತ ದಪ್ಪ ಬೇಡ, ಬಿಸಿಲು ಬೀಳದಂತೆ ಒದ್ದೆ ಗೋಣಿಚೀಲ ಕಟ್ಟಿ. ಗೋಡೆಯ ಬುಡಕ್ಕೆ ಮೂರಡಿ ಸಿಮೆಂಟ್ ಹೊಡೆದು ತೇವ ನಿಲ್ಲಿಸುತ್ತೇನೆ ಎನ್ನುವ ಮೇಸ್ತ್ರಿಯನ್ನು ತಡೆಯಿರಿ, ತೇವ ಹೊರಬರಲಾಗದೆ ಐದಡಿಗೆ ಏರುತ್ತದೆ. ಗಾರೆಯ ಮೇಲೆ ಸುಣ್ಣವನ್ನೇ ಬಳಿಯಿರಿ. ಪ್ಲಾಸ್ಟಿಕ್ ಪೇಂಟ್ ವರ್ಷದೊಳಗೆ ಹಪ್ಪಳದಂತೆ ಏಳುತ್ತದೆ.

ಕ್ರಮ ಮುಖ್ಯ. ತಾರಸಿಯ ಸೋರಿಕೆ ಮೊದಲು ನಿಲ್ಲಿಸಿ, ಆಮೇಲೆ ಹಿಂದಿನ ಬ್ಲಾಕಿನ ಪಾಯ ಮತ್ತು ಚೌಕಟ್ಟು, ಭಾರೀ ಗಾಡಿಗಳ ಓಡಾಟ ಮುಗಿದ ಮೇಲೆ ಗೋಡೆಯ ಗಾರೆ. ತಿರುಗುಮುರುಗು ಮಾಡಿದರೆ ಗಾರೆಗೆ ಎರಡು ಸಲ ದುಡ್ಡು.

ಒಪ್ಪಂದ

ಬಿಲ್ಡರ್ ಜೊತೆ ಜಂಟಿ ಅಭಿವೃದ್ಧಿ (ಜಾಗ ನಿಮ್ಮದು, ಕಟ್ಟುವುದು ಬಿಲ್ಡರ್, ಕಟ್ಟಿದ್ದರಲ್ಲಿ ಇಬ್ಬರಿಗೂ ಪಾಲು) ಮಾಡಿಕೊಂಡರೆ “ಹಳೆ ಕಟ್ಟಡ ಉಳಿಸಲಾಗುವುದು” ಎಂಬ ಒಂದು ಸಾಲು ಯಾವುದಕ್ಕೂ ಸಾಲದು. ಉಳಿಯಬೇಕಾದ ಗೋಡೆ, ಕಂಬ, ಮಂಕಿ ಟಾಪ್ (ಕಿಟಕಿ, ಜಗುಲಿಯ ಮೇಲಿನ ಚೂಪು ಮರದ ಮಾಡು), ಕೆಂಪು ನೆಲ ಎಲ್ಲವನ್ನೂ ಅಳತೆ ನಕ್ಷೆಯಲ್ಲಿ ಬಣ್ಣ ಹಾಕಿ ಗುರುತಿಸಿ, ಫೋಟೋ ಸಹಿತ ಒಪ್ಪಂದದ ಅನುಬಂಧವಾಗಿ ನೋಂದಾಯಿಸಿ. ಕೆಲಸದ ನಡುವೆ ಭಾಗಶಃ ಬಿದ್ದರೆ ಅದೇ ಸಾಮಗ್ರಿಯಲ್ಲಿ ಮರಳಿ ಕಟ್ಟಿಕೊಡಬೇಕು, ಬಿದ್ದ ಜಾಗಕ್ಕೆ ಹೊಸ ಚದರಡಿ ಹಕ್ಕು ಬಿಲ್ಡರ್‌ಗೆ ಬರುವುದಿಲ್ಲ ಎಂದು ಸ್ಪಷ್ಟವಾಗಿ ಬರೆಸಿ. ಈ ಎರಡನೆಯ ಷರತ್ತಿಗೆ ಒಪ್ಪದವರ ಜೊತೆ ಸಹಿ ಮಾಡಬೇಡಿ.